ಕ್ರಿಯಾಪದ ಇಲ್ಲದ ಸ್ಲೈಡುಗಳು

ಬನಶಂಕರಿಯಿಂದ ಬಿಟಿಎಂ ಲೇಔಟ್‌ಗೆ ಮೆಟ್ರೋದಲ್ಲಿ ಹೋಗಬೇಕಾದರೆ ಆರ್.ವಿ. ರೋಡಿನಲ್ಲಿ ಇಳಿದು ಹಳದಿ ಲೈನ್ ಹತ್ತಬೇಕು. ಮೊನ್ನೆ ಅಲ್ಲಿ ಒಬ್ಬ ನಿಂತಲ್ಲೇ ಲ್ಯಾಪ್‌ಟಾಪ್ ತೆರೆದು, ಸ್ಲೈಡಿನ ಡಬ್ಬಿಗಳನ್ನು ಎಡಕ್ಕೂ ಬಲಕ್ಕೂ ಸರಿಸುತ್ತಿದ್ದ. ಪಾಪ, ಪ್ರಾಡಕ್ಟ್ ಮ್ಯಾನೇಜರ್ ಇರಬೇಕು ಅಂದುಕೊಂಡೆ. ಆಮೇಲೆ ಹೊಟ್ಟೆ ಉರೀತು. ಯಾಕೆ ಅಂತ ಹೇಳ್ತೀನಿ ಕೇಳಿ.

ಹೋದ ವರ್ಷ ನಮ್ಮ ಆಫೀಸಿನಲ್ಲಿ (ಹೆಸರು ಬೇಡ, ಕೆಲಸ ಬೇಕು!) ಹಳೇ ಗ್ರಾಹಕರ ಡೇಟಾವನ್ನು ಹೊಸ ಡೇಟಾಬೇಸಿಗೆ ಸಾಗಿಸಬೇಕಿತ್ತು. ಹಳೇ ದಾಖಲೆಗಳಲ್ಲಿ ತಾರೀಕು ಎರಡು ಥರ ಇದೆ, ಮೊದಲು ಅದನ್ನು ಸರಿಮಾಡದಿದ್ದರೆ ಬಿಲ್ಲುಗಳು ತಪ್ಪಾಗುತ್ತವೆ ಅಂತ ನಾನು ಒಂದು ಪುಟ ಬರೆದು ಕಳಿಸಿದ್ದೆ. ಅದು ಸ್ಲೈಡಿಗೆ ಬರುವಷ್ಟರಲ್ಲಿ "ಮೈಗ್ರೇಶನ್ ರಿಸ್ಕ್: ಮೀಡಿಯಂ" ಆಗಿತ್ತು. ಪಕ್ಕದಲ್ಲೊಂದು ಹಳದಿ ಬೊಟ್ಟು. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ! ಆಮೇಲೆ ಬಿಲ್ಲುಗಳು ತಪ್ಪಾದವು. ನಾವು ಮೂರು ರಾತ್ರಿ ನಿದ್ದೆಗೆಟ್ಟೆವು. ಗ್ರಾಹಕರಿಂದ ಬೈಸಿಕೊಂಡವಳು ಮಾತ್ರ ಸಪೋರ್ಟ್‌ನ ಹುಡುಗಿ. ಅವಳು ಆ ಮೀಟಿಂಗಿನಲ್ಲೇ ಇರಲಿಲ್ಲ.

ಇದು ನಮ್ಮೊಬ್ಬರ ರೋಗ ಅಲ್ಲ. 2003ರ ಜನವರಿಯಲ್ಲಿ ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆ ಇನ್ನೂ ಮೇಲೆ ಸುತ್ತುತ್ತಿದ್ದಾಗ, ಅದರ ರೆಕ್ಕೆಗೆ ಫೋಮ್ ತುಂಡು ಬಡಿದದ್ದರ ಬಗ್ಗೆ ಎಂಜಿನಿಯರುಗಳು ಪವರ್‌ಪಾಯಿಂಟ್ ಸ್ಲೈಡುಗಳಲ್ಲಿ ವರದಿ ಕೊಟ್ಟರು. ಹಿಂದೆ ಪರೀಕ್ಷಿಸಿದ್ದ ತುಂಡು 3 ಘನ ಅಂಗುಲ. ಬಡಿದ ತುಂಡಿನ ಅಂದಾಜು 1,920 ಘನ ಅಂಗುಲ. 640 ಪಟ್ಟು! ಈ ಮುಖ್ಯ ಮಾತು ಇದ್ದದ್ದು ಸ್ಲೈಡಿನ ತಳದಲ್ಲಿ. ಫೆಬ್ರವರಿ 1ರಂದು ಏಳು ಜನ ತೀರಿಕೊಂಡರು. ತಾಂತ್ರಿಕ ವರದಿಯ ಜಾಗದಲ್ಲಿ ಸ್ಲೈಡು ಕೂತಿದ್ದನ್ನು ಅದೇ ವರ್ಷದ ತನಿಖಾ ವರದಿ ಟೀಕಿಸಿತು.

ನನ್ನ ತಕರಾರು ಇಷ್ಟೇ. ಸ್ಲೈಡಿನಲ್ಲಿ ಕ್ರಿಯಾಪದ ಇರೋದಿಲ್ಲ. "ಡೇಟಾ ಕ್ಲೀನಪ್" ಅಂತ ಇರುತ್ತೆ. ಯಾರು ಮಾಡ್ತಾರೆ? ಯಾವಾಗ? ಕನ್ನಡದಲ್ಲಿ ಹೇಳಿ ನೋಡಿ: ಮಾಡ್ತೀನಿ, ಮಾಡಿದಳು, ಮಾಡಲ್ಲ. ಯಾರು, ಯಾವಾಗ, ಹೌದೋ ಅಲ್ಲವೋ ಎಲ್ಲಾ ಕ್ರಿಯಾಪದದ ಬಾಲದಲ್ಲೇ ಸಿಕ್ಕಿಬೀಳುತ್ತೆ. ಬುಲೆಟ್ ಪಾಯಿಂಟ್ ಆ ಬಾಲವನ್ನೇ ಕತ್ತರಿಸುತ್ತೆ. ಜವಾಬ್ದಾರಿಯೂ ಅದರ ಜೊತೆಗೇ ಹೋಗುತ್ತೆ.

ಚಿತ್ರ, ಗ್ರಾಫ್ ತೋರಿಸೋಕೆ ಸ್ಲೈಡು ಇರಲಿ, ಬೇಡ ಅನ್ನಲ್ಲ. ಆದರೆ ತೀರ್ಮಾನ ತಗೊಳ್ಳೋಕೆ ವಾಕ್ಯ ಬೇಕು. "ಓದೋಕೆ ಯಾರಿಗೆ ಪುರುಸೊತ್ತಿದೆ?" ಅಂತಾರೆ. ಎಂಟು ಜನ ಒಂದು ಗಂಟೆ ಹಳದಿ ಬೊಟ್ಟು ನೋಡೋಕೆ ಪುರುಸೊತ್ತಿದೆಯಲ್ಲ! ಅಮೆಜಾನ್‌ನ ಜೆಫ್ ಬೆಜೋಸ್ 2004ರಲ್ಲೇ ತನ್ನ ಹಿರಿಯರ ಮೀಟಿಂಗಿನಲ್ಲಿ ಪವರ್‌ಪಾಯಿಂಟ್ ಬೇಡ ಅಂದ. ಬರೆದು ತನ್ನಿ, ಮೊದಲು ಎಲ್ಲರೂ ಕೂತು ಓದೋಣ ಅನ್ನೋ ಪದ್ಧತಿ ತಂದ.

ಈಗಂತೂ ಒಂದು ಸಾಲು ಟೈಪಿಸಿದರೆ ಎಐ ಹನ್ನೆರಡು ಸ್ಲೈಡು ಮಾಡಿಕೊಡುತ್ತೆ. ಕೇಳುವವರು ಯೋಚಿಸೋದು ನಿಲ್ಲಿಸಿ ಬಹಳ ಕಾಲ ಆಯ್ತು, ಈಗ ಮಾಡುವವರೂ ಯೋಚಿಸಬೇಕಿಲ್ಲ.

ಬ್ಲಾಗ್ ಬರೆಯುವ ನಮಗೆ ಇದು ಗೊತ್ತು: ವಾಕ್ಯ ಮುಗಿಸೋಕೆ ಹೋದಾಗಲೇ ನಮಗೇನು ಗೊತ್ತಿಲ್ಲ ಅನ್ನೋದು ಗೊತ್ತಾಗೋದು. ಮುಂದಿನ ಸಲ "ಮೀಡಿಯಂ" ಅಂತ ಬಂದರೆ ನಾನು ತಲೆಯಾಡಿಸಲ್ಲ, ಕೈ ಎತ್ತುತ್ತೀನಿ. ನಿಮ್ಮ ಆಫೀಸಿನಲ್ಲಿ ಹೇಗೆ? ಬರೀರಿ. ದಯವಿಟ್ಟು ವಾಕ್ಯಗಳಲ್ಲಿ!