ಕೊನೇ ನಂಬರು ನಿಮ್ಮದೇ ಅಂತ ಯಾರು ಹೇಳಿದ್ರು?

"ಗುರೂ, ಇನ್ಸರ್ಟ್ ಆದ್ಮೇಲೆ ಮ್ಯಾಕ್ಸ್ ಐಡಿ ಎತ್ಕೊಂಡ್ರೆ ಆಯ್ತಲ್ಲ, ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೋತೀಯ?" ಕಳೆದ ವಾರ ಕೋಡ್ ರಿವ್ಯೂನಲ್ಲಿ ಸಹೋದ್ಯೋಗಿ ಕೇಳಿದ. ಎಂಟು ವರ್ಷ ಅನುಭವ ಇರೋನು. ಅಲ್ಲಿ ನಕ್ಕು ಸುಮ್ಮನಾದೆ. ಉತ್ತರ ಇಲ್ಲಿದೆ.

ಈ ತಪ್ಪು ನಾನೂ ಮಾಡಿದ್ದೀನಿ. ಕಾಲೇಜು ಮುಗಿದ ಹೊಸತರಲ್ಲಿ ಹೊಳಲ್ಕೆರೆ ಕಡೆಯ ಒಂದು ಅಡಿಕೆ ಮಂಡಿಗೆ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ರೈತ ತಂದ ಚೀಲದ ಲೆಕ್ಕ ಟೇಬಲ್‌ಗೆ ಹಾಕೋದು, ಆಮೇಲೆ ಟೇಬಲ್‌ನ ಅತಿ ದೊಡ್ಡ ಐಡಿ ಓದಿ ಚೀಟಿ ಮೇಲೆ ಮುದ್ರಿಸೋದು. ನನ್ನ ಲ್ಯಾಪ್‌ಟಾಪ್‌ನಲ್ಲಿ ಒಂದು ದಿನವೂ ತಪ್ಪಲಿಲ್ಲ. ಮಂಡಿಯಲ್ಲಿ ಕೌಂಟರ್ ಎರಡಿದ್ದವು. ಸಂಜೆ ದುಡ್ಡು ತಗೊಳ್ಳಲು ಬಂದ ಹಿರಿಯರೊಬ್ಬರು ಚೀಟಿ ಹಿಡಿದು ನಿಂತರು: "ತಮ್ಮಾ, ನಾನು ತಂದಿದ್ದು ಹನ್ನೆರಡು ಚೀಲ. ಇದ್ರಾಗೆ ಏಳು ಅಂತ ತೋರಿಸ್ತೈತಲ್ಲಪ್ಪ, ಹೆಸ್ರೂ ನಂದಲ್ಲ!"

ಆಗಿದ್ದಿಷ್ಟೇ. ಅವರ ಲೆಕ್ಕ ಒಳಗೆ ಹೋಗಿ, ನನ್ನ ಪ್ರೋಗ್ರಾಂ ನಂಬರ್ ಕೇಳುವಷ್ಟರಲ್ಲಿ ಪಕ್ಕದ ಕೌಂಟರಿನವರ ಲೆಕ್ಕವೂ ಸೇರಿತ್ತು. ಕೊನೇ ನಂಬರ್ ಅವರದ್ದಾಗಿತ್ತು. ಗುಮಾಸ್ತರು ಕೈಯಲ್ಲಿ ಬರೆದಿಟ್ಟ ಪುಸ್ತಕ ಇದ್ದುದರಿಂದ ಮಾನ ಉಳೀತು.

"ನಮ್ಮಲ್ಲಿ ಟ್ರಾಫಿಕ್ ಕಡಿಮೆ" ಅಂತೀರಾ? ಎರಡು ಕೌಂಟರ್ ಇದ್ದರೆ ಸಾಕು, ಸ್ವಾಮಿ. "ಟ್ರಾನ್ಸಾಕ್ಷನ್ ಒಳಗೆ ಹಾಕ್ತೀವಿ" ಅಂತೀರಾ? ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಪಕ್ಕದವನು ಆಗಲೇ ಕಮಿಟ್ ಮಾಡಿದ ಸಾಲು ನಿಮ್ಮ ಮ್ಯಾಕ್ಸ್‌ಗೆ ಕಂಡೇ ಕಾಣುತ್ತೆ.

ದಾರಿ ಏನು ಕಷ್ಟದ್ದಲ್ಲ. ಮೈಎಸ್‌ಕ್ಯೂಎಲ್‌ನ ಲಾಸ್ಟ್ ಇನ್ಸರ್ಟ್ ಐಡಿ ನಿಮ್ಮ ಕನೆಕ್ಷನ್ನಿನದ್ದನ್ನು ಮಾತ್ರ ಹೇಳುತ್ತೆ. ಪೋಸ್ಟ್‌ಗ್ರೆಸ್‌ನಲ್ಲಿ ಇನ್ಸರ್ಟ್ ಜೊತೆಗೇ ರಿಟರ್ನಿಂಗ್ ಅಂತ ಬರೆದರೆ ಮುಗೀತು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಸ್ಕೋಪ್ ಐಡೆಂಟಿಟಿ ಬಳಸಿ. ಹಳೇ ಅಟ್ ಅಟ್ ಐಡೆಂಟಿಟಿ ಆದರೆ ಟ್ರಿಗರ್ ಬೇರೆ ಟೇಬಲ್‌ಗೆ ಹಾಕಿದ ಸಾಲಿನ ನಂಬರ್ ಕೈಗೆ ಬಂದೀತು. ರಸೀದಿ ಪುಸ್ತಕದ ಗುಮಾಸ್ತರಿಗೆ ಇದು ಯಾವತ್ತೋ ಗೊತ್ತಿತ್ತು: ತಾನು ಬರೆದ ಹಾಳೆಯ ನಂಬರನ್ನೇ ಹರಿದು ಕೊಡ್ತಾರೆ, ಪಕ್ಕದವರ ಪುಸ್ತಕ ಇಣುಕಿ ನೋಡಲ್ಲ.

ನಂಬರ್ ಅಂದ್ರೆ ಬರೀ ನಂಬರಾ? ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಬಂದಾಗ, ಖಾತೆ ಬದಲಾವಣೆಯ ಅರ್ಜಿಗಳಿಗೆ ಮೊದಲು ಬಂದವರಿಗೆ ಮೊದಲು ಅನ್ನೋ ಸರದಿ ತಂದರು. ಸರದಿ ನಿಲ್ಲೋದೇ ನಂಬರ್ ಮೇಲೆ. ಹಿರಿಯೂರಲ್ಲೋ ಹೊಸದುರ್ಗದಲ್ಲೋ ಬಸ್ಸು ಹಿಡಿದು ತಾಲ್ಲೂಕು ಕಚೇರಿಗೆ ಬಂದವರು ವಾಪಸ್ ಒಯ್ಯೋದು ಆ ಚೀಟಿಯೊಂದನ್ನೇ. ಅದರಲ್ಲಿ ಪಕ್ಕದವರ ನಂಬರ್ ಇದ್ದರೆ ಅವರು ಯಾರನ್ನು ಕೇಳಬೇಕು?

ನಾವು ಬೆಂಗಳೂರಿನ ಎಸಿ ರೂಮಲ್ಲಿ ಕೂತು ಅದನ್ನು 'ಎಡ್ಜ್ ಕೇಸ್' ಅಂತೀವಿ. ಚೀಟಿ ಹಿಡಿದು ನಿಂತವರಿಗೆ ಅದು ಅವರ ಹನ್ನೆರಡು ಚೀಲ.