ವೀಸಾ ಇದ್ದರೆ ಭಯವಿಲ್ಲ ಎಂಬ ಭ್ರಮೆ



ವಲಸಿಗರ ಬಂಧನದ ಬಗ್ಗೆ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಹೊರಡಿಸಿರುವ ಆದೇಶಗಳ ಮಾತು ಬಂದಾಗಲೆಲ್ಲ ನಮ್ಮಲ್ಲಿ ಒಂದು ಸಿದ್ಧ ಉತ್ತರ ಕೇಳಿಬರುತ್ತದೆ: ‘ಕಳ್ಳದಾರಿಯಲ್ಲಿ ಹೋದವರನ್ನು ಹಿಡಿದರೆ ತಪ್ಪೇನು? ವೀಸಾ ಇರುವ ನಮ್ಮ ಮಕ್ಕಳಿಗೆ ಏನೂ ಆಗುವುದಿಲ್ಲ.’ ಈ ಮಾತನ್ನು ನಾನು ಒಪ್ಪುವುದಿಲ್ಲ.

2025ರ ಮಾರ್ಚ್‌ನಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಭಾರತೀಯ ಸಂಶೋಧಕರೊಬ್ಬರನ್ನು ಮುಸುಕು ಹಾಕಿದ್ದ ಅಧಿಕಾರಿಗಳು ವರ್ಜೀನಿಯಾದ ಅವರ ಮನೆಯ ಹೊರಗೇ ಹಿಡಿದೊಯ್ದರು. ಅವರ ಬಳಿ ವೀಸಾ ಇತ್ತು. ಅವರ ಮೇಲೆ ಒಂದು ಕ್ರಿಮಿನಲ್ ಮೊಕದ್ದಮೆಯೂ ಇರಲಿಲ್ಲ. ಅವರ ಇರುವಿಕೆ ವಿದೇಶಾಂಗ ನೀತಿಗೆ ಧಕ್ಕೆ ಎಂದಿತು ಸರ್ಕಾರ. ಹೆಂಡತಿ, ಮಕ್ಕಳು ವರ್ಜೀನಿಯಾದಲ್ಲಿ ಉಳಿದರೆ, ಆ ಸಂಶೋಧಕರನ್ನು ಲೂಯಿಸಿಯಾನಕ್ಕೂ ಅಲ್ಲಿಂದ ಟೆಕ್ಸಾಸಿಗೂ ಸಾಗಿಸಲಾಯಿತು. ಸುಮಾರು ಎರಡು ತಿಂಗಳ ನಂತರ, ಮೇ 14ರಂದು ಅವರು ಹೊರಬಂದದ್ದು ಹೇಬಿಯಸ್ ಕಾರ್ಪಸ್ (ಬಂಧನ ಕಾನೂನುಬದ್ಧವೇ ಎಂದು ಕೋರ್ಟಿನಲ್ಲಿ ಪ್ರಶ್ನಿಸುವ) ಅರ್ಜಿಯ ಮೇಲೆ ಫೆಡರಲ್ ನ್ಯಾಯಾಧೀಶರು ಕೊಟ್ಟ ಆದೇಶದಿಂದ. ಅದೇ ಹೇಬಿಯಸ್ ಕಾರ್ಪಸ್ ಹಕ್ಕನ್ನೇ ಅಮಾನತಿನಲ್ಲಿಡುವ ಬಗ್ಗೆ ಪರಿಶೀಲನೆ ನಡೆದಿದೆ ಎಂದು ಶ್ವೇತಭವನದ ಹಿರಿಯ ಅಧಿಕಾರಿ ಸ್ಟೀಫನ್ ಮಿಲ್ಲರ್ ಹೇಳಿದ್ದು ಅದಕ್ಕೆ ಐದೇ ದಿನ ಮೊದಲು.

ಯಾರನ್ನು ಒಳಗೆ ಬಿಡಬೇಕು, ಯಾರನ್ನು ವಾಪಸು ಕಳಿಸಬೇಕು ಎಂದು ತೀರ್ಮಾನಿಸುವ ಹಕ್ಕು ಪ್ರತಿ ದೇಶಕ್ಕೂ ಇದೆ; ನನ್ನ ತಕರಾರು ಅದರ ಬಗ್ಗೆ ಅಲ್ಲ. ಹಿಡಿದವರನ್ನು ಸರ್ಕಾರದ ಹಿಡಿತದಲ್ಲಿಲ್ಲದ ನ್ಯಾಯಾಧೀಶರ ಮುಂದೆ ನಿಲ್ಲಿಸುವುದು ಕಡ್ಡಾಯವಾಗಿರಬೇಕು ಎಂಬುದಷ್ಟೇ ನನ್ನ ವಾದ. ಅಮೆರಿಕದ ವಲಸೆ ನ್ಯಾಯಾಲಯಗಳು ನ್ಯಾಯಾಂಗದ ಭಾಗವೇ ಅಲ್ಲ, ಅಲ್ಲಿನ ನ್ಯಾಯಾಧೀಶರು ನ್ಯಾಯ ಇಲಾಖೆಯ ನೌಕರರು. ಬಡವನಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುವುದಿಲ್ಲ. ಅಧಿಕಾರಕ್ಕೆ ಬಂದ ದಿನವೇ, 2025ರ ಜನವರಿ 20ರಂದು, ಬಂಧನವನ್ನು ಆದಷ್ಟೂ ವಿಸ್ತರಿಸುವ ಆದೇಶಗಳಿಗೆ ಅಧ್ಯಕ್ಷರು ಸಹಿ ಹಾಕಿದರು. ಜುಲೈನಲ್ಲಿ ಬಂಧನ ಕೇಂದ್ರಗಳಿಗೆಂದೇ 4,500 ಕೋಟಿ ಡಾಲರ್ ಮಂಜೂರಾಯಿತು. ಅನುಮತಿಯಿಲ್ಲದೆ ಗಡಿ ದಾಟಿದವರು ಎಷ್ಟು ವರ್ಷದಿಂದ ಅಲ್ಲಿ ಬಾಳುತ್ತಿದ್ದರೂ ವಲಸೆ ನ್ಯಾಯಾಧೀಶರು ಅವರಿಗೆ ಜಾಮೀನು ಕೊಡುವಂತಿಲ್ಲ ಎಂದು ಸೆಪ್ಟೆಂಬರ್‌ನಲ್ಲಿ ವಲಸೆ ಮೇಲ್ಮನವಿ ಮಂಡಳಿ ತೀರ್ಮಾನಿಸಿತು. ಆ ವೇಳೆಗಾಗಲೇ ಬಂಧನದಲ್ಲಿದ್ದವರ ಸಂಖ್ಯೆ ಸುಮಾರು 60 ಸಾವಿರ ಮುಟ್ಟಿತ್ತು.

ಅವಸರದಲ್ಲಿ ಎಂಥ ತಪ್ಪಾಗುತ್ತದೆ ಎಂಬುದಕ್ಕೆ ಮೇರಿಲ್ಯಾಂಡ್‌ನ ಒಬ್ಬ ಕಾರ್ಮಿಕನ ಪ್ರಕರಣವೇ ಸಾಕು. ಆತನನ್ನು ಎಲ್ ಸಾಲ್ವಡಾರ್‌ಗೆ ಕಳಿಸಕೂಡದು ಎಂದು 2019ರಲ್ಲೇ ಆದೇಶವಿತ್ತು. ಆದರೂ 2025ರ ಮಾರ್ಚ್ 15ರಂದು ವಿಮಾನ ಹತ್ತಿಸಿ ಅದೇ ದೇಶದ ಜೈಲಿಗೆ ತಳ್ಳಿದರು. ಆಡಳಿತಾತ್ಮಕ ತಪ್ಪಾಯಿತು ಎಂದು ಸರ್ಕಾರವೇ ಕೋರ್ಟಿನಲ್ಲಿ ಒಪ್ಪಿಕೊಂಡಿತು. ಸುಪ್ರೀಂ ಕೋರ್ಟ್ ಹೇಳಿದ ಮೇಲೂ ಆತ ಮರಳಿದ್ದು ಜೂನ್‌ನಲ್ಲಿ.

ರಾಷ್ಟ್ರೀಯ ಭದ್ರತೆ ಎಂದೊಡನೆ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದ್ದಕ್ಕೆ ಅಮೆರಿಕ ಹಿಂದೊಮ್ಮೆ ದೊಡ್ಡ ಬೆಲೆ ತೆತ್ತಿದೆ. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್ವೆಲ್ಟ್ ಸಹಿ ಹಾಕಿದ 9066ನೇ ಆದೇಶದಿಂದ ಸುಮಾರು 1.2 ಲಕ್ಷ ಜಪಾನಿ ಮೂಲದವರು ಮುಳ್ಳುತಂತಿಯ ಶಿಬಿರ ಸೇರಿದರು. ಅವರಲ್ಲಿ ಮೂರನೇ ಎರಡರಷ್ಟು ಮಂದಿ ಅಮೆರಿಕದ ಪ್ರಜೆಗಳು. ಕೈಯಲ್ಲಿ ಹೊರಬಹುದಾದಷ್ಟೇ ಸಾಮಾನು, ಕೋಟಿಗೆ ಕಟ್ಟಿದ ನಂಬರಿನ ಚೀಟಿ. ಸಾಂತಾ ಅನಿತಾ ರೇಸ್‌ಕೋರ್ಸಿನಲ್ಲಿ ಹಲವು ಸಂಸಾರಗಳಿಗೆ ಸಿಕ್ಕಿದ್ದು ಕುದುರೆ ಲಾಯ. ಜಪಾನಿ ಮೂಲದವರನ್ನು ಸಾರಾಸಗಟಾಗಿ ಶಂಕಿಸಬೇಕಿಲ್ಲ ಎಂಬ ನೌಕಾಪಡೆಯ ಗುಪ್ತಚರ ವರದಿಯನ್ನು ಸರ್ಕಾರ ಸುಪ್ರೀಂ ಕೋರ್ಟಿನಿಂದ ಮುಚ್ಚಿಟ್ಟಿತ್ತು. ಕೋರ್ಟು 1944ರಲ್ಲಿ ಸರ್ಕಾರದ ಪರ ನಿಂತಿತು. ಕ್ಷಮೆಯೂ ಬದುಕುಳಿದವರಿಗೆ ತಲಾ 20 ಸಾವಿರ ಡಾಲರ್ ಪರಿಹಾರವೂ ಬಂದದ್ದು 1988ರ ಕಾನೂನಿನಿಂದ. ಅಷ್ಟರಲ್ಲಿ ಎಷ್ಟೋ ಜನ ತೀರಿಕೊಂಡಿದ್ದರು.

ಕನ್ನಡಿಗರಿಗೆ ಇದು ಹೊಸದಾಗಿ ತಿಳಿಯಬೇಕಾದ ಪಾಠವಲ್ಲ. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬಂಧನದಲ್ಲಿದ್ದದ್ದು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ. ಅಂಥ ಬಂಧಿಗಳು ಹೇಬಿಯಸ್ ಕಾರ್ಪಸ್ ಕೇಳುವಂತೆಯೇ ಇಲ್ಲ ಎಂದು 1976ರಲ್ಲಿ ನಮ್ಮ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು ಹೇಳಿದರು, ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಆ ತೀರ್ಪು ರದ್ದಾಗಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ.

2025ರ ಫೆಬ್ರವರಿ 5ರಂದು 104 ಭಾರತೀಯರು, ಅವರಲ್ಲಿ ಹಲವರು ಕೈಗೆ ಕೋಳ, ಕಾಲಿಗೆ ಸರಪಳಿ ತೊಡಿಸಿಕೊಂಡು, ಸೇನಾ ವಿಮಾನದಲ್ಲಿ ಅಮೃತಸರಕ್ಕೆ ಬಂದಿಳಿದಾಗ, ಇದು 2012ರಿಂದಲೂ ಇರುವ ಕ್ರಮ ಎಂದು ವಿದೇಶಾಂಗ ಸಚಿವರು ರಾಜ್ಯಸಭೆಯಲ್ಲಿ ವಿವರಿಸಿದರು. ಆ ವಿವರಣೆ ಸಾಲದು. ಬಂಧಿತ ಪ್ರಜೆಯನ್ನು ಕಾಣುವ, ಅವನಿಗೆ ವಕೀಲರನ್ನು ಗೊತ್ತುಮಾಡುವ ಹಕ್ಕು ಕಾನ್ಸುಲರ್ ಸಂಬಂಧಗಳ ವಿಯೆನ್ನಾ ಒಪ್ಪಂದದ 36ನೇ ವಿಧಿಯಡಿ ನಮ್ಮ ರಾಯಭಾರ ಕಚೇರಿಗೆ ಇದೆ. ಅಮೆರಿಕದ ಬಂಧನ ಕೇಂದ್ರಗಳಲ್ಲಿ ಭಾರತೀಯರು ಎಷ್ಟಿದ್ದಾರೆ, ಎಷ್ಟು ಜನರನ್ನು ನಮ್ಮ ಅಧಿಕಾರಿಗಳು ಭೇಟಿಯಾಗಿದ್ದಾರೆ, ಎಷ್ಟು ಜನರಿಗೆ ವಕೀಲರು ಸಿಕ್ಕಿದ್ದಾರೆ ಎಂಬ ಲೆಕ್ಕವನ್ನು ಪ್ರತಿ ಅಧಿವೇಶನದಲ್ಲೂ ಸಂಸತ್ತಿನ ಮುಂದಿಡಬೇಕು. ಈ ಪ್ರಶ್ನೆಯನ್ನು ಕರ್ನಾಟಕದ ಸಂಸದರು ಪಕ್ಷಭೇದ ಮರೆತು ಎತ್ತಲಿ. ಅಮೆರಿಕದ ಕನ್ನಡ ಕೂಟಗಳು ಉಚಿತ ಕಾನೂನು ನೆರವಿಗೆ ಒಂದಿಷ್ಟು ಹಣ ಎತ್ತಿಡಲಿ, ಅದರಲ್ಲಿ ವೀಸಾ ಇಲ್ಲದವರಿಗೂ ಪಾಲಿರಲಿ.

ಇತಿ,
ಒಬ್ಬ ಓದುಗ, ಮೈಸೂರು