ಬೆಂಗಳೂರಿನ ಕಿಟಕಿಗೆ ಟ್ಯೂಲಿಪ್ ಬೇಕೇ?

ಚಳಿಗಾಲ ಹತ್ತಿರವಾದಂತೆ ಆನ್‌ಲೈನ್ ಅಂಗಡಿಗಳಲ್ಲಿ ಟ್ಯೂಲಿಪ್, ಹಯಸಿಂತ್ ಗಡ್ಡೆಗಳ ಜಾಹೀರಾತು ಶುರುವಾಗುತ್ತದೆ. ಗಾಜಿನ ಹೂದಾನಿಯ ಕತ್ತಿನಲ್ಲಿ ಕೂತ ಗಡ್ಡೆ, ಕೆಳಗೆ ನೀರಿಗಿಳಿದ ಬಿಳಿ ಬೇರು, ಮೇಲೆ ನೇರಳೆ ಗೊಂಚಲು. ಚಿತ್ರ ನೋಡಿದವರಿಗೆ ಮನೆಯ ಕಿಟಕಿಯಲ್ಲೂ ಒಂದಿರಲಿ ಅನ್ನಿಸುವುದು ಸಹಜ.

ಆದರೆ ಈ ಗಡ್ಡೆಗಳು ಚಳಿ ಉಣ್ಣದೆ ಹೂ ಬಿಡುವುದಿಲ್ಲ.

ಕಾಡು ಟ್ಯೂಲಿಪ್‌ಗಳ ತವರು ಮಧ್ಯ ಏಷ್ಯಾದ ಬೆಟ್ಟಗಳು. ಬೇಸಿಗೆಯಲ್ಲೇ ಗಡ್ಡೆಯೊಳಗೆ ಮೊಗ್ಗು ರೂಪುಗೊಂಡಿರುತ್ತದೆ. ಅದರ ದಂಟು ಉದ್ದವಾಗಲು ಸುಮಾರು 5ರಿಂದ 9 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ 12ರಿಂದ 16 ವಾರ ಕಳೆಯಬೇಕು. ಬೆಂಗಳೂರಿನಲ್ಲಿ ಜನವರಿಯ ರಾತ್ರಿಯೂ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಹಾಗಾಗಿ ನೆಟ್ಟ ಗಡ್ಡೆ ಎಲೆ ಬಿಟ್ಟು ಸುಮ್ಮನಾಗುತ್ತದೆ, ಇಲ್ಲವೇ ಮೊಗ್ಗು ಎಲೆಗಳ ನಡುವೆಯೇ ಕಮರುತ್ತದೆ. ಫ್ರಿಜ್ಜಿನಲ್ಲಿಟ್ಟರಾಯಿತು ಎನ್ನುವವರಿಗೆ ಇನ್ನೊಂದು ತೊಡಕು: ಸೇಬು, ಬಾಳೆಯಂಥ ಹಣ್ಣು ಹೊರಬಿಡುವ ಎಥಿಲೀನ್ ಅನಿಲ ಒಳಗಿನ ಮೊಗ್ಗನ್ನೇ ಕೊಲ್ಲಬಲ್ಲದು.

ಮೊದಲೇ ಚಳಿಗಿಟ್ಟ ಗಡ್ಡೆಗಳೂ ಸಿಗುತ್ತವೆ, ಹೂವೂ ಬರುತ್ತದೆ. ಆದರೆ ಒಂದೇ ಸಲ. ಹೂ ಬಿಟ್ಟು ಸೊರಗಿದ ಗಡ್ಡೆಯನ್ನು ಯುರೋಪಿನವರು ತೋಟಕ್ಕಿಳಿಸಿ ಚೇತರಿಸಿಕೊಳ್ಳಲು ಬಿಡಬಹುದು. ನಮ್ಮ ಬೆಚ್ಚನೆಯ ಮಣ್ಣಿನಲ್ಲಿ ಆ ದಾರಿ ಇಲ್ಲ. ದೂರದಿಂದ ತರಿಸಿದ್ದು ಕಡೆಗೆ ಸೇರುವುದು ಹಸಿ ಕಸದ ಬುಟ್ಟಿಗೆ.

ಇಷ್ಟೆಲ್ಲ ಪಾಡು ಯಾಕೆ? ಚಳಿಯ ಹಂಗಿಲ್ಲದ ಗಡ್ಡೆಗಳು ನಮ್ಮ ನರ್ಸರಿಗಳಲ್ಲೇ ಇವೆ. ಅವುಗಳಲ್ಲಿ ಮೊದಲ ಸ್ಥಾನ ಅಮರಿಲ್ಲಿಸ್ ಎಂಬ ಹೆಸರಿನಲ್ಲಿ ಮಾರುವ ಹಿಪ್ಪಿಯಾಸ್ಟ್ರಮ್‌ಗೆ. ದಕ್ಷಿಣ ಅಮೆರಿಕದ ಈ ಗಿಡದ ಮೊದಲ ಮಿಶ್ರತಳಿಯನ್ನು 1799ರಲ್ಲಿ ಬೆಳೆಸಿದ್ದು ಇಂಗ್ಲೆಂಡಿನ ಗಡಿಯಾರ ತಯಾರಕ ಆರ್ಥರ್ ಜಾನ್ಸನ್. ಗಡ್ಡೆಗಿಂತ ಒಂದೆರಡು ಇಂಚು ಅಗಲವಾದ ಕುಂಡ ಸಾಕು. ಗಡ್ಡೆಯ ಮೇಲಿನ ಮೂರನೇ ಒಂದು ಭಾಗ ಮಣ್ಣಿನಿಂದ ಹೊರಗಿರಬೇಕು, ಮೊಗ್ಗು ಕಾಣುವವರೆಗೆ ನೀರು ಹಿಡಿತದಲ್ಲಿರಬೇಕು. ಬೆಳಗಿನ ಬಿಸಿಲು ಬೀಳುವ ಕಿಟಕಿಯಲ್ಲಿ ಆರರಿಂದ ಎಂಟು ವಾರದಲ್ಲಿ ಹೂ ಅರಳುತ್ತದೆ. ಆಮೇಲೆ ಎಲೆ ಕತ್ತರಿಸಬಾರದು. ಮುಂದಿನ ವರ್ಷದ ಹೂವಿಗೆ ಗಡ್ಡೆಯಲ್ಲಿ ಆಹಾರ ಕೂಡಿಡುವುದು ಅವೇ. ಹೀಗೆ ನೋಡಿಕೊಂಡರೆ ಒಂದೇ ಗಡ್ಡೆ ವರ್ಷಗಟ್ಟಲೆ ಬಾಳುತ್ತದೆ, ಮರಿಗಳನ್ನೂ ಕೊಡುತ್ತದೆ.

ಬಿಸಿಲಿನ ಬಾಲ್ಕನಿ ಇದ್ದವರಿಗೆ ಸುಗಂಧರಾಜವಿದೆ. ಮೆಕ್ಸಿಕೊ ಮೂಲದ ಈ ಹೂವಿನ ‘ಶೃಂಗಾರ’, ‘ಸುವಾಸಿನಿ’ ತಳಿಗಳು ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲೇ ಹುಟ್ಟಿದವು. ಬೇಸಿಗೆಯ ಮಳೆಗೆ ಕೆಂಪು ಚೆಂಡಿನಂತೆ ಅರಳುವ ಫುಟ್‌ಬಾಲ್ ಲಿಲ್ಲಿ, ಒಣಗಿದ ಮಣ್ಣಿಗೆ ಮಳೆ ಬಿದ್ದ ಕೆಲವೇ ದಿನಗಳಲ್ಲಿ ತಲೆ ಎತ್ತುವ ರೈನ್ ಲಿಲ್ಲಿಯೂ ಕುಂಡಕ್ಕೆ ಒಗ್ಗುತ್ತವೆ. ಒಂದು ಎಚ್ಚರಿಕೆ ಮಾತ್ರ ಬೇಕು: ಅಮರಿಲ್ಲಿಸ್ ಮತ್ತು ಈ ಎರಡು ಲಿಲ್ಲಿಗಳ ಗಡ್ಡೆ ವಿಷಕಾರಿ. ಈರುಳ್ಳಿಯಂತೆ ಕಾಣುವ ಇವನ್ನು ಅಡುಗೆಮನೆಯಿಂದ, ಮಕ್ಕಳು ಮತ್ತು ಸಾಕುಪ್ರಾಣಿಗಳಿಂದ ದೂರವಿಡಬೇಕು.

ಟ್ಯೂಲಿಪ್ ಮಾರುವುದು ತಪ್ಪಲ್ಲ. ಅದರ ಅಗತ್ಯವನ್ನು ಮರೆಮಾಚಿ ಮಾರುವುದು ತಪ್ಪು. ಗಡ್ಡೆಯನ್ನು ಎಷ್ಟು ಡಿಗ್ರಿಯಲ್ಲಿ, ಎಷ್ಟು ವಾರ ಚಳಿಗಿಡಲಾಗಿದೆ ಎಂಬುದನ್ನು ಪೊಟ್ಟಣದ ಮೇಲೆ ಕನ್ನಡದಲ್ಲಿ ಅಚ್ಚು ಮಾಡಲಿ. ಕೊಳ್ಳುವವರೂ ಹಣ ಕೊಡುವ ಮುನ್ನ ಇದನ್ನೇ ಕೇಳಲಿ. ಉತ್ತರ ಸಿಗದಿದ್ದರೆ ಅದೇ ದುಡ್ಡಿಗೆ ಹತ್ತಿರದ ನರ್ಸರಿಯಿಂದ ಒಂದು ಅಮರಿಲ್ಲಿಸ್ ತರುವುದೇ ಲೇಸು.